ಟೇಬಲ್ ಅಂದರೆ ಮೇಜು ಮಾತ್ರವಲ್ಲ

ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಮನೆಗೆ ಬಂದು ಕೂತಿದ್ದೆ. ದುಬೈಯಿಂದ ತಂಗಿಯ ಮಗನ ಫೋನ್ ಬಂತು. ಸಲಾಂ ಹೇಳಿದ, ಊರಿನ ಮಳೆ ವಿಚಾರಿಸಿದ, ಉಮ್ಮನ ಮೊಣಕಾಲು ನೋವು ಹೇಗುಂಟು ಅಂತ ಕೇಳಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಮಾಮಾ, ಟೇಬಲ್ ಅಂದ್ರೆ ಎಂಥ?”

ನನಗೆ ನಗು ಬಂತು. “ಮೇಜು ಮಾರಾಯ. ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತುಂಟು” ಅಂದೆ. ಅವನು ನಗಲಿಲ್ಲ.

ಹುಡುಗ ಬಿ.ಕಾಂ. ಮಾಡಿದವನು. ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಒಂದು ಕಂಪೆನಿಯ ಪರ್ಚೇಸ್ ವಿಭಾಗದಲ್ಲಿ ಕೆಲಸ. ಅವನ ಮೊದಲಿನ ಮ್ಯಾನೇಜರ್ ಬ್ರಿಟಿಷ್ ಮನುಷ್ಯ. ಅವರು ಒಂದು ವಿಷಯವನ್ನು “ಟೇಬಲ್ ಮಾಡೋಣ” ಅಂದರೆ ಅದನ್ನು ಮೀಟಿಂಗಿನ ಮುಂದಿಟ್ಟು ತೀರ್ಮಾನ ಮಾಡೋಣ ಅಂತ ಅರ್ಥ. ಈಗ ಬಂದ ಹೊಸ ಪ್ರಾಜೆಕ್ಟ್ ಮ್ಯಾನೇಜರ್ ಅಮೆರಿಕದವರು. ಪೈಪ್ ಖರೀದಿಯ ವಿಷಯ ಬಂದಾಗ ಅವರೂ “ಲೆಟ್ಸ್ ಟೇಬಲ್ ದಿಸ್” ಅಂದರು. ಮುಂದಿನ ಮೀಟಿಂಗಿನಲ್ಲಿ ಪಾಸಾಗುತ್ತದೆ ಎಂದುಕೊಂಡು ಹುಡುಗ ಸಪ್ಲೈಯರ್‌ಗೆ ಮಾಲು ತಯಾರಿಡಲು ಹೇಳಿಬಿಟ್ಟ. ಆದರೆ ಅಮೆರಿಕದವರ ಬಾಯಲ್ಲಿ ಆ ಮಾತಿಗೆ ಅರ್ಥ ನೇರ ಉಲ್ಟಾ. ಸದ್ಯಕ್ಕೆ ಇದನ್ನು ಬದಿಗಿಡೋಣ ಅಂತ. ಸಪ್ಲೈಯರ್ ಬಿಲ್ಲು ಹಿಡಿದುಕೊಂಡು ಬಂದಾಗ ಎಲ್ಲ ಬೆಳಕಿಗೆ ಬಂತು. ಕೆಲಸ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ವಾರ್ನಿಂಗ್ ಲೆಟರ್ ಸಿಕ್ಕಿತು, ಇನ್‌ಕ್ರಿಮೆಂಟ್ ಕೈತಪ್ಪಿತು.

“ನನಗೆ ಇಂಗ್ಲಿಷ್ ಬರುವುದಿಲ್ಲ ಅಂತ ಎಲ್ಲರೂ ತಿಳ್ಕೊಂಡ್ರು ಮಾಮಾ” ಅಂದ. ಅದು ಸುಳ್ಳು. ಅವನಿಗೆ ಇಂಗ್ಲಿಷ್ ಬರುತ್ತದೆ. ಬಾರದೇ ಇರುವುದು ಆಫೀಸಿನ ಇಂಗ್ಲಿಷ್. ಇವೆರಡೂ ಒಂದೇ ಎಂದು ನಾವು, ತಂದೆ-ತಾಯಂದಿರು, ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇವೆ. ಶಾಲೆಗೆ ಫೀಸು ಕಟ್ಟಿದ್ದೇವೆ, ಡಿಗ್ರಿ ಕೊಡಿಸಿದ್ದೇವೆ, ವೀಸಾ ಬಂದ ಕೂಡಲೇ ವಿಮಾನ ಹತ್ತಿಸಿದ್ದೇವೆ. ಆದರೆ ಆ ಎರಡು ಇಂಗ್ಲಿಷ್‌ಗಳ ನಡುವಿನ ಗುಂಡಿಗೆ ಮಕ್ಕಳು ಒಬ್ಬೊಬ್ಬರೇ ಬೀಳುತ್ತಿದ್ದಾರೆ. ನಾಚಿಕೆಯಿಂದ ಮನೆಗೆ ಹೇಳುವುದೂ ಇಲ್ಲ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಇದು ದಡ್ಡತನದ ಪ್ರಶ್ನೆಯಲ್ಲ. ಇದೇ ‘ಟೇಬಲ್’ ಎಂಬ ಪದದ ಮೇಲೆ ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಸೇನಾಧಿಕಾರಿಗಳ ನಡುವೆಯೇ ದೊಡ್ಡ ಜಟಾಪಟಿ ನಡೆದಿತ್ತು. ಒಂದು ಪತ್ರವನ್ನು ತುರ್ತಾಗಿ ಚರ್ಚಿಸಬೇಕೆಂದು ಬ್ರಿಟಿಷರು ‘ಟೇಬಲ್’ ಮಾಡಬೇಕು ಅಂದರು. ಹಾಗೆ ಮಾಡಲೇಬಾರದು ಎಂದು ಅಮೆರಿಕದವರು ಹಠ ಹಿಡಿದರು. ತುಂಬಾ ಹೊತ್ತು ವಾದ ಮಾಡಿದ ಮೇಲೆ ಗೊತ್ತಾಯಿತು, ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಎಂದು. ವಿನ್‌ಸ್ಟನ್ ಚರ್ಚಿಲ್ ತನ್ನ ಯುದ್ಧದ ಇತಿಹಾಸದಲ್ಲಿ ಇದನ್ನು ದಾಖಲಿಸಿದ್ದಾರೆ. ಇಂಗ್ಲಿಷನ್ನು ಹುಟ್ಟಿನಿಂದ ಆಡಿದವರೇ ಎಡವಿದ ಕಡೆ ನಮ್ಮ ಹುಡುಗ ಎಡವಿದ್ದು ದೊಡ್ಡ ಸಂಗತಿಯಲ್ಲ.

ಯುರೋಪಿನವರಿಗೂ ಈ ಪಾಡು ತಪ್ಪಿದ್ದಲ್ಲ. ಜೆಕ್ ದೇಶವನ್ನು ನೋಡಿ. 1989ರವರೆಗೆ ಅಲ್ಲಿನ ಶಾಲೆಗಳಲ್ಲಿ ರಷ್ಯನ್ ಕಡ್ಡಾಯವಾಗಿತ್ತು. ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ ಜನ ಇಂಗ್ಲಿಷಿನ ಕಡೆ ತಿರುಗಿದರು. ಸ್ಕೋಡಾ ಕಾರು ಕಂಪೆನಿ ಜರ್ಮನಿಯ ಫೋಕ್ಸ್‌ವ್ಯಾಗನ್ ಪಾಲಾಯಿತು, ಕೊರಿಯಾದ ಹ್ಯುಂಡೈ ಬಂದು ಅಲ್ಲಿ ಕಾರ್ಖಾನೆ ಕಟ್ಟಿತು. ಇಂಥ ಕಡೆ ಕೆಲಸ ಮಾಡುವವರಿಗೆ ಇಂಗ್ಲಿಷ್ ಬೇಕೇ ಬೇಕು. ಚೆನ್ನಾಗಿ ಕಲಿತವರೂ ಎಲ್ಲಿ ಎಡವುತ್ತಾರೆ ಗೊತ್ತೇ? ತಮ್ಮದೇ ಭಾಷೆಯ ಪದದ ಹಾಗೆ ಕೇಳಿಸುವ ಪದಗಳಲ್ಲಿ. ಜೆಕ್ ಭಾಷೆಯಲ್ಲಿ ‘ಎವೆಂಟುಆಲ್ನ್ಯೆ’ ಅಂದರೆ ‘ಆದರೆ ಆಯಿತು, ಇಲ್ಲದಿದ್ದರೆ ಇಲ್ಲ’ ಎನ್ನುವ ಅರ್ಥ. ಇಂಗ್ಲಿಷಿನ ‘ಇವೆಂಚುವಲಿ’ ಅಂದರೆ ಕೊನೆಗೆ ಆಗಿಯೇ ಆಗುತ್ತದೆ ಅಂತ. “ಮಾಲನ್ನು ಇವೆಂಚುವಲಿ ಕಳಿಸುತ್ತೇವೆ” ಎಂದು ಜೆಕ್ ಗುಮಾಸ್ತ ಬರೆದರೆ ಅವನ ಮನಸ್ಸಿನಲ್ಲಿರುವುದು ‘ನೋಡೋಣ’. ಓದಿದವನಿಗೆ ಸಿಕ್ಕಿದ್ದು ಮಾತು ಕೊಟ್ಟ ಹಾಗೆ. ಅವರ ಭಾಷೆಯಲ್ಲಿ ‘ಹೊಸ್ಟ್’ ಅಂದರೆ ಮನೆಗೆ ಬಂದ ಅತಿಥಿ, ಇಂಗ್ಲಿಷಿನಲ್ಲಿ ಅದೇ ಅಕ್ಷರಗಳ ‘ಹೋಸ್ಟ್’ ಅಂದರೆ ಸತ್ಕರಿಸುವವ. ಬಿಲ್ಲು ಯಾರು ಕೊಡಬೇಕು ಎನ್ನುವುದೇ ತಲೆಕೆಳಗಾಗುತ್ತದೆ! ಅದಕ್ಕೇ ಅಲ್ಲಿ ವ್ಯಾಕರಣ ಪೂರ್ತಿ ಕಲಿತ ಮೇಲೂ ಕಚೇರಿಯ ಪದ, ನುಡಿಗಟ್ಟುಗಳನ್ನೇ ಬೇರೆಯಾಗಿ ಕೂತು ಕಲಿಯುವವರಿದ್ದಾರೆ. ಯಾರೂ ಅದನ್ನು ಅವಮಾನ ಎಂದು ತಿಳಿಯುವುದಿಲ್ಲ.

ಜೆಕ್‌ನವರಿಗೆ ಅವರ ಭಾಷೆ ತೊಡಕಾದರೆ ನಮಗೆ ಊರಿನ ಇಂಗ್ಲಿಷೇ ತೊಡಕು. ನಮ್ಮ ಮಕ್ಕಳು ಮೇಲಿನವರ ಬಳಿ “ಐ ಹ್ಯಾವ್ ಎ ಡೌಟ್” ಅನ್ನುತ್ತಾರೆ. ನಮಗೆ ಅದು ಒಂದು ಪ್ರಶ್ನೆ ಉಂಟು ಅಂತ. ಬ್ರಿಟಿಷರ ಕಿವಿಗೆ ಅದು ‘ನಿನ್ನ ಮಾತಿನ ಮೇಲೆ ನಂಬಿಕೆಯಿಲ್ಲ’ ಎಂಬಂತೆ ಕೇಳಿಸಬಹುದು. ಕಾಲೇಜಿನಿಂದ “ಪಾಸ್ಡ್ ಔಟ್” ಅಂದರೆ ಅವರು ತಲೆತಿರುಗಿ ಬಿದ್ದ ಎಂದುಕೊಂಡಾರು. “ಪ್ರೀಪೋನ್”, “ಔಟ್ ಆಫ್ ಸ್ಟೇಷನ್”, “ಡು ದ ನೀಡ್‌ಫುಲ್” ಎಲ್ಲ ನಮ್ಮ ಕಡೆ ನಡೆಯುವ ನಾಣ್ಯಗಳು. ಇವು ತಪ್ಪು ಅಂತ ನಾನು ಹೇಳುವುದಿಲ್ಲ. ಮ್ಯಾನೇಜರ್ ಮಲಯಾಳಿಯೋ ಮುಂಬೈಯವರೋ ಆಗಿದ್ದರೆ ಗಲ್ಫಿನಲ್ಲೂ ಆರಾಮವಾಗಿ ನಡೆಯುತ್ತವೆ. ಆದರೆ ಯಾವ ನಾಣ್ಯ ಯಾವ ಅಂಗಡಿಯಲ್ಲಿ ನಡೆಯುತ್ತದೆ ಎಂದು ಗೊತ್ತಿರಬೇಕಲ್ಲ? ರೂಪಾಯಿ ಹಿಡಿದುಕೊಂಡು ದೇರಾದ ಅಂಗಡಿಗೆ ಹೋಗುವವರು ಯಾರು?

ಇನ್ನು ನುಡಿಗಟ್ಟುಗಳು. “ಅವ ನನಗೆ ಟೋಪಿ ಹಾಕಿದ” ಎಂದು ನಾವು ಹೇಳಿದ್ದನ್ನು ಇಂಗ್ಲಿಷಿನವರಿಗೆ ಪದಕ್ಕೆ ಪದ ತಿಳಿಸಿದರೆ ಸನ್ಮಾನ ಮಾಡಿದ ಎಂದುಕೊಂಡಾರು. “ಬೋಣಿ ಆಗ್ಲಿಲ್ಲ”, “ಮಾಲು ಕೂತಿದೆ”, “ಅವ ಮುಳುಗಿದ” – ಬಂದರಿನ ಅಂಗಡಿಯಲ್ಲಿ ಬೆಳೆದ ಹುಡುಗನಿಗೆ ಇವನ್ನೆಲ್ಲ ಯಾರೂ ಪಾಠ ಮಾಡಿಲ್ಲ. ಕೇಳಿ ಕೇಳಿ ಬಂತು. ಅವರ ಮಾತೂ ಹಾಗೆಯೇ ಅವರ ಆಟ, ಅಡುಗೆಮನೆ, ಲೆಕ್ಕದ ಪುಸ್ತಕದಿಂದ ಬಂದದ್ದು. “ಬಾಲ್‌ಪಾರ್ಕ್ ಫಿಗರ್” ಎಂದರೆ ಅಂದಾಜು ಮೊತ್ತ. ಬಾಲ್‌ಪಾರ್ಕ್ ಅಂದರೆ ಅಮೆರಿಕದ ಬೇಸ್‌ಬಾಲ್ ಮೈದಾನ. ಅದನ್ನು ಕೇಳಿದಾಗ ಎರಡು ದಿನ ಕೂತು ಪೈಸೆ ಪೈಸೆಯ ಲೆಕ್ಕ ಹಾಕಬೇಕಿಲ್ಲ, ಅಲ್ಲೇ ಒಂದು ಅಂದಾಜು ಹೇಳಿದರೆ ಆಯಿತು. “ದ ಬಾಲ್ ಈಸ್ ಇನ್ ಯುವರ್ ಕೋರ್ಟ್” ಟೆನಿಸ್‌ನಿಂದ ಬಂದದ್ದು. ಮುಂದಿನ ಹೆಜ್ಜೆ ನಿನ್ನದು, ನಾನಿನ್ನು ಕಾಯುತ್ತೇನೆ ಅಂತ. ಇದು ಗೊತ್ತಿಲ್ಲದೆ ಇಬ್ಬರೂ ಕಾಯುತ್ತಾ ಕೂತರೆ ಟೆಂಡರ್ ದಿನಾಂಕ ದಾಟಿ ಹೋಗುತ್ತದೆ. “ಬ್ಯಾಕ್ ಬರ್ನರ್” ಎಂದರೆ ಹಿಂದಿನ ಒಲೆ. ಅವಸರವಿಲ್ಲದ ಕೆಲಸವನ್ನು ಅಲ್ಲಿ ಇಡುವುದು. ನಷ್ಟವನ್ನು ಕೆಂಪು ಶಾಯಿಯಲ್ಲಿ ಬರೆಯುವ ಹಳೇ ಪದ್ಧತಿಯಿಂದ “ಇನ್ ದ ರೆಡ್” ಬಂತು. ಕಂಪೆನಿ ಕೆಂಪಿನಲ್ಲಿ ಉಂಟು ಎಂದು ಕೇಳಿದ ದಿನವೇ ಬೇರೆ ಕೆಲಸ ಹುಡುಕಲು ಶುರು ಮಾಡುವುದು ಜಾಣತನ. “ಕಟಿಂಗ್ ಕಾರ್ನರ್ಸ್” ಎಂದರೆ ಗುಣಮಟ್ಟ, ಸುರಕ್ಷತೆ ಬಿಟ್ಟು ಅಡ್ಡದಾರಿಯಲ್ಲಿ ಕೆಲಸ ಮುಗಿಸುವುದು. ಸೈಟಿನಲ್ಲಿ ಸೇಫ್ಟಿ ಆಫೀಸರ್ ಬಾಯಿಂದ ಈ ಮಾತು ಬಂದರೆ ಅದು ಹೊಗಳಿಕೆಯಲ್ಲ, ಗಂಭೀರ ಆರೋಪ.

ಇದಕ್ಕಿಂತ ಕಷ್ಟದ್ದು ಮರ್ಯಾದೆಯ ಮಾತುಗಳು. “ಯೂ ಮೇ ವಾಂಟ್ ಟು ಲುಕ್ ಅಟ್ ದಿಸ್ ಅಗೈನ್” ಎಂದು ಬ್ರಿಟಿಷ್ ಮ್ಯಾನೇಜರ್ ಹೇಳಿದರೆ ‘ಮನಸ್ಸಿದ್ದರೆ ನೋಡು’ ಎಂದು ನಮ್ಮವನು ತಿಳಿಯುತ್ತಾನೆ. ಹೇಳಿದ್ದು ‘ತಪ್ಪುಂಟು, ಸರಿಮಾಡಿ ತಾ’ ಎಂದು. “ಐ ಆ್ಯಮ್ ಅಫ್ರೇಡ್” ಎಂದು ಶುರುವಾದರೆ ಅವರಿಗೇನೂ ಹೆದರಿಕೆಯಿಲ್ಲ. ‘ಆಗುವುದಿಲ್ಲ’ ಎಂಬುದನ್ನು ಮೆತ್ತಗೆ ಹೇಳುತ್ತಿದ್ದಾರೆ. ನಮಗೆ ಇದು ವಿಚಿತ್ರ ಅನ್ನಿಸಬೇಕಾಗಿಲ್ಲ. ಮನೆಗೆ ಬಂದ ನೆಂಟರು “ಬೇಡ, ಹೊಟ್ಟೆ ತುಂಬಿತು” ಅಂದರೂ ಉಮ್ಮ ಇನ್ನೊಂದು ಪತ್ತಿರ್ ತಟ್ಟೆಗೆ ಹಾಕುತ್ತಾರಲ್ಲ? ಎಲ್ಲಿ ‘ಬೇಡ’ ಎಂದರೆ ಬೇಡ, ಎಲ್ಲಿ ಅಲ್ಲ ಎಂಬುದು ಅವರಿಗೆ ಗೊತ್ತು. ಪ್ರತಿಯೊಂದು ಸಮಾಜಕ್ಕೂ ಇಂಥ ಒಳಮಾತು ಉಂಟು.

ಇಷ್ಟೆಲ್ಲ ಮುಖ ಉಳಿಸುವ, ಬಡ್ತಿ ಪಡೆಯುವ ಮಾತಾಯಿತು. ನಿಜವಾದ ಏಟು ಬೀಳುವುದು ಕಾಗದದ ಮೇಲೆ.

‘ಗ್ರ್ಯಾಚುಯಿಟಿ’ ಎಂಬ ಪದ ತೆಗೆದುಕೊಳ್ಳಿ. ನಿಘಂಟಿನಲ್ಲಿ ನೋಡಿದರೆ ಭಕ್ಷೀಸು ಎಂಬ ಅರ್ಥವೂ ಸಿಗುತ್ತದೆ. ಗಲ್ಫಿನ ಕರಾರಿನಲ್ಲಿ ಅದು ಭಕ್ಷೀಸಲ್ಲ, ದುಡಿದವನ ಹಕ್ಕು. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ, ಒಂದು ವರ್ಷ ಪೂರೈಸಿದ ಪೂರ್ಣಾವಧಿ ಕೆಲಸಗಾರನಿಗೆ ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಸಂಬಳ, ಅದರ ನಂತರದ ವರ್ಷಗಳಿಗೆ ತಲಾ 30 ದಿನದ ಸಂಬಳ ಸಿಗಬೇಕು. ಆದರೆ ಯಾವ ಸಂಬಳ? ‘ಬೇಸಿಕ್’ ಮಾತ್ರ. ನಮ್ಮ ಹುಡುಗ ಕಾಗದದಲ್ಲಿ ಒಟ್ಟು 6,000 ದಿರ್ಹಮ್ ಎಂದು ನೋಡಿ ಖುಷಿಯಲ್ಲಿ ಸಹಿ ಹಾಕುತ್ತಾನೆ. ಬೇಸಿಕ್ 2,500, ಉಳಿದದ್ದು ಅಲೋವೆನ್ಸ್ ಎಂಬ ಸಾಲನ್ನು ಓದುವುದಿಲ್ಲ. 5 ವರ್ಷ ಕಳೆದ ಮೇಲೆ ಒಟ್ಟು ಸಂಬಳದ ಲೆಕ್ಕದಲ್ಲಿ 21,000 ದಿರ್ಹಮ್ ಬರುತ್ತದೆ ಎಂದು ಮನೆಯವರು ತಂಗಿಯ ಮದುವೆಯ ದಿನ ನೋಡುತ್ತಾರೆ. ಕೈಗೆ ಬರುವುದು 8,750. ಯಾರೂ ಮೋಸ ಮಾಡಿಲ್ಲ. ಒಂದೇ ಒಂದು ಪದದ ಅರ್ಥ 12,250 ದಿರ್ಹಮ್ ವ್ಯತ್ಯಾಸ ಮಾಡಿತು.

“ರಿಡಂಡೆಂಟ್” ಎಂದರೆ ಕಂಪೆನಿಗೆ ಆ ಹುದ್ದೆಯೇ ಬೇಡವಾಗಿದೆ, ಕೆಲಸ ಹೋಯಿತು ಎಂದು. “ವಿ ಹ್ಯಾವ್ ಟು ಲೆಟ್ ಯೂ ಗೋ” ಎಂದರೆ ಊರಿಗೆ ಹೋಗಲು ರಜೆ ಕೊಟ್ಟರು ಎಂದಲ್ಲ, ಕೆಲಸದಿಂದ ತೆಗೆದರು ಎಂದು. “ಅಟ್ ದ ಕಂಪೆನೀಸ್ ಡಿಸ್ಕ್ರೀಷನ್” ಎಂದಿದ್ದರೆ ಬೋನಸ್ಸು ಅವರ ಮರ್ಜಿ, ನಿಮ್ಮ ಹಕ್ಕಲ್ಲ. ‘ಶಲ್’ ಎಂದಿದ್ದರೆ ಕೊಡಲೇಬೇಕು, ‘ಮೇ’ ಎಂದಿದ್ದರೆ ಕೊಟ್ಟರೆ ಕೊಟ್ಟಾರು. ಎಲ್ಲಕ್ಕಿಂತ ಹುಷಾರಾಗಿರಬೇಕಾದದ್ದು “ಫುಲ್ ಆ್ಯಂಡ್ ಫೈನಲ್ ಸೆಟ್ಲ್‌ಮೆಂಟ್” ಎಂಬ ಕಾಗದ. ನನಗೆ ಬರಬೇಕಾದದ್ದೆಲ್ಲ ಬಂತು, ಇನ್ನು ಯಾವ ಬಾಕಿಯೂ ಇಲ್ಲ ಎಂದು ನೀವೇ ಬರೆದುಕೊಟ್ಟ ಹಾಗೆ ಅದು. ರಾತ್ರಿ ವಿಮಾನ, ಬೆಳಿಗ್ಗೆ ಸಹಿ, ಕೈಯಲ್ಲಿ ಬ್ಯಾಗು. ಆ ಗಡಿಬಿಡಿಯಲ್ಲಿ ಓದದೆ ಸಹಿ ಹಾಕಿ ಬಂದು, ಊರಿನಲ್ಲಿ ಕೂತು “ರಜೆಯ ದುಡ್ಡು ಬರ್ಲಿಕ್ಕೆ ಉಂಟಿತ್ತು” ಎಂದು ಕೊರಗಿದವರನ್ನು ನಾನು ಕಂಡಿದ್ದೇನೆ. ಕರಾರು ಅರಬಿ, ಇಂಗ್ಲಿಷ್ ಎರಡರಲ್ಲೂ ಇದ್ದು ಅರ್ಥ ಬೇರೆಯಾದರೆ ಅಲ್ಲಿ ಅರಬಿಯ ಮಾತೇ ನಿಲ್ಲುವುದು. ಮದ್ರಸದಲ್ಲಿ ಅರಬಿ ಓದಲು ಕಲಿತ ನಾವು ಅಕ್ಷರ ಕೂಡಿಸಿ ಉಚ್ಚರಿಸುತ್ತೇವೆ, ಅರ್ಥ ಮಾತ್ರ ಅಲ್ಲೂ ಗೊತ್ತಿಲ್ಲ.

ಓದದೆ ಸಹಿ ಹಾಕುವುದು ಬರೀ ದುನಿಯಾದ ವಿಷಯ ಎಂದು ಯಾರೂ ತಿಳಿಯಬಾರದು. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ವಚನ ಯಾವುದರ ಬಗ್ಗೆ ಇದೆ? ನಮಾಝ್ ಬಗ್ಗೆ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಅಲ್ ಬಕರ ಅಧ್ಯಾಯದ 282ನೇ ವಚನ ಅದು. ಅವಧಿಯ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ನ್ಯಾಯವಾಗಿ ಬರೆಯುವವನ ಬಗ್ಗೆ, ಸಾಕ್ಷಿಗಳ ಬಗ್ಗೆ ಇದೆ. ಸಾಲಗಾರನಿಗೆ ತಾನೇ ಹೇಳಿ ಬರೆಸಲು ಆಗದಿದ್ದರೆ ಅವನ ಪರವಾಗಿ ಇನ್ನೊಬ್ಬ ನ್ಯಾಯವಾಗಿ ಹೇಳಿ ಬರೆಸಬೇಕು ಎಂಬುದೂ ಅಲ್ಲೇ ಉಂಟು. ಪ್ರವಾದಿ(ಸ.ಅ.)ರವರು ಪತ್ರವ್ಯವಹಾರಕ್ಕಾಗಿ ಯಹೂದಿಗಳ ಬರವಣಿಗೆ ಕಲಿಯಲು ಝೈದ್ ಬಿನ್ ಸಾಬಿತ್(ರ.ಅ.)ರಿಗೆ ಹೇಳಿದರು, ಅವರು ಅರ್ಧ ತಿಂಗಳೊಳಗೆ ಕಲಿತರು ಎಂದು ಹದೀಸ್ ಗ್ರಂಥಗಳಲ್ಲಿ ಬಂದಿದೆ. ಕೆಲಸಕ್ಕೆ ಬೇಕಾದ ಭಾಷೆಯನ್ನು ಕೆಲಸಕ್ಕೆ ಬೇಕಾದಷ್ಟು ಚೆನ್ನಾಗಿ ಕಲಿಯುವುದಕ್ಕೆ ಇದಕ್ಕಿಂತ ದೊಡ್ಡ ಮಾದರಿ ಬೇಕೇ?

ಹೀಗೆ ಹೇಳಿದಾಗ ಎರಡು ಆಕ್ಷೇಪ ಬರುತ್ತವೆ. ಒಂದು, ಹಿರಿಯರದ್ದು. “ನಾವು ಎಂಥ ಇಂಗ್ಲಿಷ್ ಕಲಿತು ಬೊಂಬಾಯಿಗೆ ಹೋಗಿದ್ದು? ಕೆಲಸವೇ ಕಲಿಸ್ತದೆ” ಎಂದು. ಗೌರವದಿಂದಲೇ ಹೇಳುತ್ತೇನೆ, ಕಾಕಾ, ನೀವು ಅಂಗಡಿಯಲ್ಲಿ ಕಲಿತಿರಿ. ಅಂಗಡಿಯಲ್ಲಿ ಮಾತು ತಪ್ಪಿದರೆ ಗಿರಾಕಿ ನಕ್ಕು ಸುಮ್ಮನಾಗುತ್ತಾನೆ. ಆಫೀಸಿನಲ್ಲಿ ತಪ್ಪು ಇಮೇಲಿನಲ್ಲಿ ಉಳಿಯುತ್ತದೆ, ಹತ್ತು ಜನರಿಗೆ ಕಾಪಿ ಹೋಗುತ್ತದೆ. ಕೆಲಸ ಕಲಿಸುತ್ತದೆ ನಿಜ, ಆದರೆ ಅದಕ್ಕೆ ಅದು ತೆಗೆದುಕೊಳ್ಳುವ ಫೀಸು ಬಹಳ ದುಬಾರಿ.

ಇನ್ನೊಂದು, “ಇಂಗ್ಲಿಷ್ ಇಂಗ್ಲಿಷ್ ಎಂದು ಬ್ಯಾರಿ ಭಾಷೆ ಹೋಗಿಬಿಡ್ತದೆ” ಎಂಬುದು. ಈ ಆತಂಕ ನನಗೂ ಉಂಟು. ಮನೆಯಲ್ಲಿ ಮಕ್ಕಳೊಡನೆ ಬ್ಯಾರಿ ಬಿಟ್ಟು ಅರೆಬರೆ ಇಂಗ್ಲಿಷ್ ಆಡುವುದನ್ನು ನಾನು ಒಪ್ಪುವುದಿಲ್ಲ. ಅದರಿಂದ ಬ್ಯಾರಿಯೂ ಹೋಗುತ್ತದೆ, ಇಂಗ್ಲಿಷೂ ಬರುವುದಿಲ್ಲ. ಆದರೆ ಕಚೇರಿಯ ಇಂಗ್ಲಿಷ್ ಕಲಿಯುವುದು ಬೇರೆ. ಅದು ಕಸುಬಿನ ಸಲಕರಣೆ. ವ್ಯಾಪಾರದ ಭಾಷೆ ಯಾವತ್ತೂ ಎರವಲಿನದ್ದೇ. ನಾವು ದಿನಾ ಆಡುವ ಬಾಕಿ, ಜಮಾ, ವಸೂಲಿ, ಕರಾರು, ಅಸಲು, ಮಾಲು, ದಲ್ಲಾಳಿ ಎಲ್ಲ ಅರಬಿ ಮೂಲದ ಪದಗಳು. ಅರಬಿ ವ್ಯಾಪಾರಿಗಳಿಂದ ಇಂಗ್ಲಿಷಿನವರೂ ಸಾಲ ಮಾಡಿದ್ದಾರೆ. ಅವರ ‘ಟ್ಯಾರಿಫ್’ ಅರಬಿಯ ‘ತಅರೀಫ್’ನಿಂದ ಬಂದದ್ದು. ತೂಕದಲ್ಲಿ ಚೀಲದ ಭಾರ ಕಳೆಯುವುದಕ್ಕೆ ಹೇಳುವ ‘ಟೇರ್’ ಕೂಡ ಅರಬಿಯದ್ದೇ. ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರ, ಎಂಬುದರಿಂದಲೇ ನಮ್ಮ ಹೆಸರು ಬಂತು ಎಂದು ಹೇಳುವವರಿದ್ದಾರೆ. ಹಾಗಿರುವಾಗ ಇನ್ನೊಬ್ಬರ ವ್ಯಾಪಾರದ ಮಾತು ಕಲಿಯಲು ನಮಗೆ ಎಂಥ ಸಂಕೋಚ?

ಹಾಗಾದರೆ ಮಾಡಬೇಕಾದದ್ದು ಏನು? ದೊಡ್ಡ ಕಟ್ಟಡ ಬೇಡ, ಉದ್ಘಾಟನೆ, ಶಾಲು, ಫಲಕ ಯಾವುದೂ ಬೇಡ. ಪ್ರತಿ ಜಮಾಅತಿನಲ್ಲೂ ಗಲ್ಫಿನ ಆಫೀಸುಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದು ಬಂದು ಊರಿನಲ್ಲಿ ಕೂತವರು ಇದ್ದಾರೆ. ಅಕೌಂಟ್ಸ್, ಸ್ಟೋರ್, ಎಚ್‌ಆರ್ ನೋಡಿದವರು. ಅವರ ತಲೆಯಲ್ಲಿರುವುದು ಯಾವ ಕೋಚಿಂಗ್ ಸೆಂಟರಿನಲ್ಲೂ ಸಿಗುವುದಿಲ್ಲ. ಆದಿತ್ಯವಾರ ಅಸರ್‌ನಿಂದ ಮಗ್ರಿಬ್‌ವರೆಗೆ ಮದ್ರಸದ ಹಾಲಿನಲ್ಲಿ ಅವರನ್ನು ಕೂರಿಸಿ. ಕೊನೇ ವರ್ಷದ ಡಿಗ್ರಿ ಮಕ್ಕಳು, ವೀಸಾಕ್ಕೆ ಕಾಯುವವರು ಬರಲಿ. ವ್ಯಾಕರಣ ಪಾಠ ಬೇಡ. ಹೆಸರು ಅಳಿಸಿದ ಒಂದು ನಿಜವಾದ ಆಫರ್ ಲೆಟರ್ ಇಟ್ಟುಕೊಂಡು ಸಾಲು ಸಾಲಾಗಿ ಓದಿಸಿ. ಒಂದು ವಾರ ಸಂಬಳದ ಚೀಟಿ, ಇನ್ನೊಂದು ವಾರ ಇಮೇಲ್, ಮತ್ತೊಂದು ವಾರ ಮೀಟಿಂಗಿನ ಮಾತು, ಕೊನೆಗೆ ಸೆಟ್ಲ್‌ಮೆಂಟ್ ಕಾಗದ. ಹೆಣ್ಣುಮಕ್ಕಳನ್ನು ಮರೆಯಬೇಡಿ. ಮಂಗಳೂರು, ಬೆಂಗಳೂರಿನ ಕಂಪೆನಿಗಳಲ್ಲಿ, ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಅವರೂ ದುಡಿಯುತ್ತಿದ್ದಾರೆ. ಇಂಥ ಕಾಗದಗಳು ಅವರ ಕೈಗೂ ಬರುತ್ತವೆ. ಒಂದು ಮದುವೆಯ ಸ್ಟೇಜ್ ಅಲಂಕಾರಕ್ಕೆ ಸುರಿಯುವ ದುಡ್ಡಿನಲ್ಲಿ ಈ ಚಾಯ-ಬಿಸ್ಕಿಟಿನ ಕ್ಲಾಸು ವರ್ಷವಿಡೀ ನಡೆಯುತ್ತದೆ.

ಮಕ್ಕಳಿಗೆ ಮನೆಯಲ್ಲಿ ಕಲಿಸಬೇಕಾದ್ದು ಒಂದು ಉಂಟು. ಹಿರಿಯರೆದುರು ತಲೆಯಾಡಿಸಿ ‘ಆಯ್ತು’ ಅನ್ನುವುದು ಅದಬ್ ಎಂದು ನಾವು ಬೆಳೆಸಿದ್ದೇವೆ. ಮನೆಯಲ್ಲಿ ಅದು ಚಂದ. ಆಫೀಸಿನಲ್ಲಿ ಅರ್ಥವಾಗದೆ “ಎಸ್ ಸರ್” ಅಂದರೆ ಅರ್ಥವಾಯಿತು ಎಂದೇ ಲೆಕ್ಕ. ಅಲ್ಲಿ ಕೇಳುವುದು ಬೇಅದಬ್ ಅಲ್ಲ. “ಜಸ್ಟ್ ಟು ಬಿ ಕ್ಲಿಯರ್, ಡು ಯೂ ಮೀನ್…” ಎಂದು ಶುರುಮಾಡಿ, ತನಗೆ ಅರ್ಥವಾದದ್ದನ್ನು ತಿರುಗಿ ಹೇಳಿ ಒಪ್ಪಿಗೆ ಪಡೆಯಲಿ. ಮೀಟಿಂಗ್ ಮುಗಿದ ಮೇಲೆ ಅದನ್ನೇ ಎರಡು ಸಾಲಿನ ಇಮೇಲ್ ಮಾಡಲಿ. ಬರೆದಿಡಬೇಕು ಎಂದು ಕಲಿಸಿದ ದೀನಿನವರಲ್ಲವೇ ನಾವು?

ತಂಗಿಯ ಮಗ ಈಗ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡಿದ್ದಾನೆ. ಕೇಳಿದ ಹೊಸ ಮಾತು, ಯಾರು ಹೇಳಿದ್ದು, ಏನರ್ಥದಲ್ಲಿ, ಎಲ್ಲ ಬರೆಯುತ್ತಾನೆ. ಮೊದಲ ಪುಟದಲ್ಲಿ ‘ಟೇಬಲ್’ ಉಂಟಂತೆ, ಎದುರಿಗೆ ಎರಡು ಅರ್ಥ. ಮುಂದಿನ ರಜೆಗೆ ಬಂದಾಗ ಆ ಪುಸ್ತಕ ತರಲು ಹೇಳಿದ್ದೇನೆ. ನಮ್ಮ ಮದ್ರಸದ ಹಾಲಿನಲ್ಲಿ ಮೊದಲ ಕ್ಲಾಸನ್ನು ಅದರಿಂದಲೇ ಶುರು ಮಾಡೋಣ ಅಂತ. ಇನ್‌ಶಾ ಅಲ್ಲಾಹ್.